“ಅಕ್ಕೋರೆ, ಓಡೂಕೆ ಎಷ್ಟು ಕೆಜಿ ಇರ್ಬೇಕು?”

ಕಾರವಾರದ ಹೈಸ್ಕೂಲೊಂದರಲ್ಲಿ ನಾನು ಪಿಟಿ ಅಕ್ಕೋರು. ಬೆಳಿಗ್ಗೆ ಟಾಗೋರ್ ಕಡಲತೀರದಲ್ಲಿ ಮಕ್ಕಳಿಗೆ ದೂರದ ಓಟ ಕಲಿಸುತ್ತೇನೆ. ಈಚೆಗೆ ದೊಡ್ಡವರೂ ಬರುತ್ತಿದ್ದಾರೆ. ಬ್ಯಾಂಕಿನವರು, ಬಂದರಿನವರು, ಬಾಣಂತನ ಮುಗಿಸಿ ಮತ್ತೆ ಓಡಬೇಕು ಅನ್ನುವ ಹೆಂಗಸರು. ಬಂದ ದಿನವೇ ಕೇಳುವ ಪ್ರಶ್ನೆ ಇದು. ಒಂದು ಅಂಕಿ ಹೇಳಿ ಕಳಿಸುವುದು ಸುಲಭ. ಆದರೆ ನಾನು ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ, ಬದಲಿಗೆ ಏನು ಮಾಡಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತೇನೆ.

ತೂಕಕ್ಕೂ ಓಟಕ್ಕೂ ಸಂಬಂಧ ಇದೆ, ಅದನ್ನು ಮುಚ್ಚಿಡುವುದು ಬೇಡ. ಒಂದು ಕಿಲೋಮೀಟರ್ ಓಡಲು ಮೈತೂಕದ ಪ್ರತಿ ಕೆಜಿಗೆ ಹೆಚ್ಚುಕಡಿಮೆ ಒಂದು ಕಿಲೋಕ್ಯಾಲೊರಿ ಖರ್ಚಾಗುತ್ತದೆ. 60 ಕೆಜಿ ಇದ್ದವರು 10 ಕಿಲೋಮೀಟರ್ ಓಡಿದರೆ ಸುಮಾರು 600, 75 ಕೆಜಿ ಇದ್ದವರು ಓಡಿದರೆ 750. ಜೋರಾಗಿ ಓಡಿದರೂ ನಿಧಾನ ಓಡಿದರೂ ಈ ಲೆಕ್ಕ ಅಷ್ಟೇನೂ ಬದಲಾಗುವುದಿಲ್ಲ. ಇನ್ನೊಂದು ಲೆಕ್ಕ ವಿಓ2 ಮ್ಯಾಕ್ಸ್‌ನದು. ಪೂರ್ತಿ ದಮ್ಮು ಕಟ್ಟಿ ಓಡುವಾಗ ಮೈ ಒಂದು ನಿಮಿಷಕ್ಕೆ ಎಷ್ಟು ಆಮ್ಲಜನಕ ಬಳಸುತ್ತದೋ ಅದನ್ನು ತೂಕದಿಂದ ಭಾಗಿಸುತ್ತಾರೆ. ಇಬ್ಬರೂ 3 ಲೀಟರ್ ಬಳಸುತ್ತಾರೆ ಅಂತಿಟ್ಟುಕೊಳ್ಳಿ. 60 ಕೆಜಿಯವರಿಗೆ ಕೆಜಿಗೆ 50 ಮಿಲಿಲೀಟರ್ ಸಿಗುತ್ತದೆ, 70 ಕೆಜಿಯವರಿಗೆ 43. ಹೆಚ್ಚಿನ ಆ 10 ಕೆಜಿ ಬರೀ ಬೊಜ್ಜಾಗಿದ್ದರೆ ಅದನ್ನು ಹೊತ್ತು ಓಡುವುದೂ 10 ಕೆಜಿ ಅಕ್ಕಿ ಚೀಲ ಹೊತ್ತು ಓಡುವುದೂ ಒಂದೇ.

ಇಷ್ಟು ಕೇಳಿದ ಕೂಡಲೇ ಜನ ರಾತ್ರಿ ಊಟ ಬಿಡುತ್ತಾರೆ. ಅಲ್ಲೇ ಲೆಕ್ಕ ತಪ್ಪುವುದು. ಊಟ ಬಿಟ್ಟು ಇಳಿಸಿದ ತೂಕದಲ್ಲಿ ಬೊಜ್ಜಿನ ಜೊತೆ ಕಾಲಿನ ಸ್ನಾಯುವೂ ಹೋಗುತ್ತದೆ. ಆಗ ಭಾಗಿಸುವ ತೂಕದ ಜೊತೆಗೆ ಆ 3 ಲೀಟರ್ ಆಮ್ಲಜನಕವೂ ಇಳಿಯುತ್ತದೆ. ತೂಕದ ಮಶಿನ್ ಒಳ್ಳೆಯ ಅಂಕಿ ತೋರಿಸುತ್ತಿರುತ್ತದೆ, ಮನುಷ್ಯ ಬಿಣಗಾ ಕಡೆಯ ಏರು ಹತ್ತಲಾರದೆ ನಿಂತಿರುತ್ತಾನೆ.

ಇನ್ನು ಮೈಕಟ್ಟಿನ ಮಾತು. ದೂರ ಓಡುವವರು ಕಡ್ಡಿಯ ಹಾಗೇ ಇರಬೇಕು, ಗಿಡ್ಡ ಇರಬೇಕು ಅಂತ ನಮ್ಮಲ್ಲಿ ಒಂದು ನಂಬಿಕೆ. 2000ದ ಸಿಡ್ನಿ ಒಲಿಂಪಿಕ್ಸ್‌ನ 10,000 ಮೀಟರ್ ಓಟ ಸಿಕ್ಕಿದರೆ ನೋಡಿ. ಇಥಿಯೋಪಿಯಾದ ಹೈಲೆ ಗೆಬ್ರಸೆಲಾಸಿ ಸುಮಾರು 165 ಸೆಂಟಿಮೀಟರ್ ಎತ್ತರ. ಕೀನ್ಯಾದ ಪಾಲ್ ಟೆರ್ಗಟ್ 180 ಮೀರಿದವರು. 25 ಸುತ್ತು ಓಡಿದ ಮೇಲೆ ಇಬ್ಬರ ನಡುವೆ ಉಳಿದದ್ದು ಒಂದು ಸೆಕೆಂಡಿನ ನೂರರಲ್ಲಿ ಒಂಬತ್ತು ಭಾಗ, ಅಷ್ಟೇ. ಹೈಲೆ ಗೆದ್ದರು. 1967ರಲ್ಲಿ ಜಪಾನಿನ ಫುಕುವೊಕಾದಲ್ಲಿ ಮೊದಲ ಸಲ 2 ಗಂಟೆ 10 ನಿಮಿಷದೊಳಗೆ ಮ್ಯಾರಥಾನ್ ಮುಗಿಸಿದ ಆಸ್ಟ್ರೇಲಿಯಾದ ಡೆರೆಕ್ ಕ್ಲೇಟನ್ ಆರು ಅಡಿ ಮೀರಿದ, 70 ಕೆಜಿ ದಾಟಿದ ಆಳು. ಈಗಿನ ಕಾಲದ ಕೀನ್ಯಾದ ಮ್ಯಾರಥಾನ್ ಓಟಗಾರ ಎಲಿಯುಡ್ ಕಿಪ್‌ಚೋಗೆ 50 ಕೆಜಿ ಆಸುಪಾಸು. ಸಣ್ಣ ಮೈಯವರೇ ಮುಂದೆ ಜಾಸ್ತಿ ಕಾಣುತ್ತಾರೆ, ನಿಜ. ಆದರೆ ಎತ್ತರ, ಎಲುಬಿನ ಅಗಲ ನಮ್ಮ ಕೈಯಲ್ಲಿಲ್ಲ. ಅದರ ಚಿಂತೆ ಬಿಟ್ಟುಬಿಡಿ.

ಒಟ್ಟು ತೂಕ ಎಷ್ಟು ಅನ್ನುವುದರ ಜೊತೆ ಅದು ಮೈಯಲ್ಲಿ ಎಲ್ಲಿದೆ ಅನ್ನುವುದನ್ನೂ ನೋಡಬೇಕು. ಪಾದದಲ್ಲಿರುವ ತೂಕವನ್ನು ಪ್ರತಿ ಹೆಜ್ಜೆಗೂ ಎತ್ತಿ ಮುಂದೆ ಬೀಸಬೇಕು, ಹಾಗಾಗಿ ಸೊಂಟದ ತೂಕಕ್ಕಿಂತ ಅದು ದುಬಾರಿ. ಒಂದೊಂದು ಶೂ 100 ಗ್ರಾಂ ಭಾರವಾದರೆ ಓಟದ ಖರ್ಚು ಸುಮಾರು ಶೇಕಡಾ 1ರಷ್ಟು ಏರುತ್ತದೆ. ಮಳೆಗಾಲದಲ್ಲಿ ನೀರು ಕುಡಿದ ಶೂ ಹಾಕಿಕೊಂಡು ಓಡುವವರನ್ನು ಕಂಡಾಗಲೆಲ್ಲ ಇದನ್ನೇ ಹೇಳುತ್ತೇನೆ. ಎರಡು ಕೆಜಿ ಇಳಿಸಲು ಒದ್ದಾಡುವ ಮೊದಲು ಹಗುರ ಶೂ ತಗೊಳ್ಳಿ, ಒಣಗಿಸಿ ಹಾಕಿಕೊಳ್ಳಿ.

ಬೈತಖೋಲದ ಒಬ್ಬ ಹುಡುಗ ನನ್ನಲ್ಲಿ ಓಡುತ್ತಾನೆ. ಮನೆಯವರ ಜೊತೆ ಬಲೆ ಎಳೆದು ಎಳೆದು ಅವನ ಭುಜ ಈ ವಯಸ್ಸಿಗೇ ಅಗಲವಾಗಿದೆ. ದಪ್ಪ ಇದ್ದೇನೆ, ನನ್ನಿಂದ ಆಗುವುದಿಲ್ಲ ಅನ್ನುತ್ತಿದ್ದ. ಅವನ ತೊಂದರೆ ತೂಕದ್ದಾಗಿರಲಿಲ್ಲ. ಓಡುವಾಗ ಭುಜ ಕಿವಿಯ ಹತ್ತಿರ ಬರುತ್ತಿತ್ತು, ಮುಷ್ಟಿ ಬಿಗಿಯಾಗಿರುತ್ತಿತ್ತು. ದಂಡೆಯ ಗಾಳಿಮರದ ಕೆಳಗೆ ಬಿದ್ದ ಸಣ್ಣ ಕಡ್ಡಿಯಂಥ ಎಲೆಗಳನ್ನು ಎರಡೂ ಕೈಯ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿಸಿದೆ. ಮುರಿಯಬಾರದು, ಬೀಳಲೂ ಬಾರದು, ಹಾಗೆ ಓಡು ಅಂದೆ. ಬೆರಳು ಸಡಿಲವಾದರೆ ಮೊಣಕೈ ಸಡಿಲವಾಗುತ್ತದೆ, ಆಮೇಲೆ ಭುಜ ತಾನಾಗಿ ಇಳಿಯುತ್ತದೆ. ಅಗಲ ಭುಜದವರು, ಜಿಮ್ಮಿಗೆ ಹೋಗುವವರು ಇದನ್ನು ಮಾಡಿ ನೋಡಿ. ಜೊತೆಗೆ ಹೆಜ್ಜೆ ಚಿಕ್ಕದು ಮಾಡಿ, ಪಾದ ಸೊಂಟದ ನೇರ ಕೆಳಗೆ ಬೀಳಲಿ. ಮೈತೂಕ ಮಾಡುವ ಪೆಟ್ಟು ಅಲ್ಲೇ ಎಷ್ಟೋ ಕಡಿಮೆಯಾಗುತ್ತದೆ.

ನಮ್ಮ ಕರಾವಳಿಯಲ್ಲಿ ತೂಕ ಜಾಸ್ತಿ ಕಾಡುವುದು ಸೆಕೆಯ ಮೂಲಕ. ಇದನ್ನು ಬೇರೆ ಊರಿನ ಟ್ರೇನಿಂಗ್ ಪ್ಲಾನ್ ನೋಡಿ ಓಡುವವರು ಲೆಕ್ಕಕ್ಕೇ ತಗೊಳ್ಳುವುದಿಲ್ಲ, ನನಗೆ ಅದೇ ಬೇಜಾರು. ಓಡುವಾಗ ಹುಟ್ಟುವ ಬಿಸಿ ತೂಕಕ್ಕೆ ತಕ್ಕ ಹಾಗೆ ಏರುತ್ತದೆ. ಆ ಬಿಸಿ ಹೊರಗೆ ಹೋಗುವುದು ಚರ್ಮದ ಮೂಲಕ. 50 ಕೆಜಿಯ ಗಿಡ್ಡ ಆಳಿಗೂ 80 ಕೆಜಿಯ ಎತ್ತರದ ಆಳಿಗೂ ತೂಕದಲ್ಲಿ ಒಂದೂವರೆ ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಚರ್ಮದ ವಿಸ್ತೀರ್ಣದಲ್ಲಿ ಮಾತ್ರ ವ್ಯತ್ಯಾಸ ಮೂರನೇ ಒಂದು ಭಾಗದಷ್ಟು. ಅಂದರೆ ದೊಡ್ಡ ಮೈಯಲ್ಲಿ ಬಿಸಿ ಉಳಿದುಬಿಡುತ್ತದೆ. ಅದರ ಮೇಲೆ ಕಾರವಾರದ ಗಾಳಿಯಲ್ಲಿ ತೇವ ತುಂಬಿರುತ್ತದೆ, ಬೆವರು ಆರುವುದೇ ಇಲ್ಲ. ಬೆವರು ಆರಿದರೆ ತಾನೇ ಮೈ ತಣ್ಣಗಾಗುವುದು? ಸುಮ್ನೆ ಸುರಿದು ಹೋದರೆ ಪ್ರಯೋಜನ ಇಲ್ಲ.

ಹಾಗಾಗಿ ದೊಡ್ಡ ಮೈಯವರು ಮಾರ್ಚ್‌ನಿಂದ ಮೇ ತನಕ ಗಡಿಯಾರ ನೋಡಿ ಓಡಬಾರದು. ಸೂರ್ಯ ಹುಟ್ಟುವ ಮೊದಲೇ ಹೊರಡಿ. ಪಕ್ಕದವರ ಜೊತೆ ಮಾತಾಡಿಕೊಂಡು ಓಡುವಷ್ಟು ನಿಧಾನ ಹೋಗಿ. ಅದೇ ನೀವು ಡಿಸೆಂಬರಿನಲ್ಲಿ ಶಿರಸಿಗೆ ಹೋಗಿ ಬೆಳಿಗ್ಗೆ ಓಡಿ ನೋಡಿ. ಸುಮಾರು 600 ಮೀಟರ್ ಎತ್ತರದ ಊರು, ತಂಪು ಗಾಳಿ. ಒಂದು ಗ್ರಾಂ ಇಳಿಯದಿದ್ದರೂ ಓಟ ಹಗುರಾಗುತ್ತದೆ.

ತೂಕದ ಮಶಿನ್ನಿಗೆ ನಿಜವಾದ ಕೆಲಸ ಇರುವುದು ಇಲ್ಲಿ. ಓಡುವ ಮೊದಲು ಕಡಿಮೆ ಬಟ್ಟೆಯಲ್ಲಿ ತೂಕ ನೋಡಿ. ಒಂದು ಗಂಟೆ ಓಡಿ ಬಂದು, ಬೆವರು ಒರೆಸಿ, ಮತ್ತೆ ನೋಡಿ. 68.4 ಇದ್ದದ್ದು 67.2 ಆಯಿತು, ನಡುವೆ 300 ಮಿಲಿಲೀಟರ್ ನೀರು ಕುಡಿದಿದ್ದಿರಿ ಅಂತಾದರೆ ನಿಮ್ಮ ಬೆವರು ಗಂಟೆಗೆ ಒಂದೂವರೆ ಲೀಟರ್. ಇಳಿದದ್ದು ಬೊಜ್ಜಲ್ಲ, ನೀರು. ಮೈತೂಕದ ಶೇಕಡಾ 2ಕ್ಕಿಂತ ಜಾಸ್ತಿ ನೀರು ಹೋದರೆ ಸೆಕೆಯಲ್ಲಿ ಓಟ ಕೆಡುತ್ತದೆ. ಓಟ ಮುಗಿದ ಮೇಲೆ ಮುರುಗಲ ಹಣ್ಣಿನ ಪಾನಕಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ ಸ್ವಲ್ಪ ಸ್ವಲ್ಪವೇ ಕುಡಿಯಿರಿ. ಹೋದದ್ದಕ್ಕಿಂತ ಜಾಸ್ತಿ ಬರೀ ನೀರು ಕುಡಿದು ತೂಕ ಏರಿಸಿಕೊಳ್ಳುವುದೂ ಅಪಾಯ. ತೂಕ ಇಳಿಯಲಿ ಅಂತ ರೈನ್‌ಕೋಟ್ ಹಾಕಿಕೊಂಡು ಓಡುವವರನ್ನು ನೋಡಿದ್ದೇನೆ. ದಯವಿಟ್ಟು ಮಾಡಬೇಡಿ. ನಮ್ಮ ಸೆಕೆಯಲ್ಲಿ ಅದು ಜೀವಕ್ಕೇ ಕುತ್ತು.

ತೂಕ ಜಾಸ್ತಿ ಇದ್ದು ಈಗಷ್ಟೇ ಶುರು ಮಾಡುವವರು ಹೀಗೆ ಮಾಡಿ. ಬಿಪಿ, ಶುಗರ್, ಎದೆನೋವು ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಓಡುವಾಗ ಒಂದೊಂದು ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ದಮ್ಮು ಕೆಲವೇ ವಾರದಲ್ಲಿ ಕುದುರುತ್ತದೆ, ಎಲುಬು ಮತ್ತು ಸ್ನಾಯುವನ್ನು ಎಲುಬಿಗೆ ಕಟ್ಟುವ ನರ ಗಟ್ಟಿಯಾಗಲು ತಿಂಗಳುಗಳೇ ಬೇಕು. ಅದಕ್ಕೆ ವಾರಕ್ಕೆ ಮೂರೇ ದಿನ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹತ್ತು ಸಲ. ನೋವಿಲ್ಲದೆ ಎರಡು ವಾರ ಕಳೆದರೆ ಓಟ ಎರಡು ನಿಮಿಷ ಮಾಡಿ. ಉಳಿದ ದಿನ ಮನೆಯ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಿ, ಕುರ್ಚಿಯಿಂದ ಕೈ ಊರದೆ ಎದ್ದು ಕೂತು ಮಾಡಿ.

ಎಲ್ಲಿ ಓಡಬೇಕು? ನೀರು ಇಳಿದಾಗ ಸಿಗುವ ಒದ್ದೆ, ಗಟ್ಟಿ ಮರಳು ಒಳ್ಳೆಯದು. ಮೇಲಿನ ಸಡಿಲ ಮರಳಿನಲ್ಲಿ ಶಕ್ತಿ ಒಂದೂವರೆ ಪಟ್ಟು ಖರ್ಚಾಗುತ್ತದೆ, ಹೊಸಬರ ಹಿಮ್ಮಡಿ ನರಕ್ಕೆ ಅದು ಭಾರ. ದಂಡೆ ಸಮುದ್ರದ ಕಡೆ ಓರೆಯಾಗಿರುತ್ತದೆ. ಕೋಡಿಬಾಗ ಕಡೆ ಎಷ್ಟು ಹೋದಿರೋ ಅಷ್ಟೇ ವಾಪಸ್ ಬನ್ನಿ, ಆಗ ಎರಡೂ ಕಾಲಿಗೆ ಸಮ ಆಗುತ್ತದೆ. ದೇವಿಮನೆ ಘಟ್ಟದಂಥ ಇಳಿಜಾರಿನಲ್ಲಿ ಭಾರದ ಮೈಯವರು ಮೊದಲ ವರ್ಷ ಓಡಲೇಬೇಡಿ. ಹತ್ತುವುದಕ್ಕಿಂತ ಇಳಿಯುವುದು ಮೊಣಕಾಲಿಗೆ ಕೆಟ್ಟದ್ದು.

ಊಟದ ವಿಷಯ ಸರಳ. ಅನ್ನ, ಬಂಗಡೆ ಸಾರು ಬಿಡಬೇಡಿ. ಅನ್ನದಿಂದಲೇ ಓಡುವುದು. ಬಂಗಡೆಯ 100 ಗ್ರಾಂನಲ್ಲಿ ಸುಮಾರು 20 ಗ್ರಾಂ ಪ್ರೊಟೀನ್ ಇದೆ, ಸ್ನಾಯು ಉಳಿಯುವುದು ಅದರಿಂದ. ಮೀನು ತಿನ್ನದವರು ಬೇಳೆ, ಕಾಳು, ಮೊಸರು ಜಾಸ್ತಿ ಮಾಡಿ. ಕಡಿಮೆ ಮಾಡಬೇಕಾದದ್ದು ದಿನಕ್ಕೆ ನಾಲ್ಕೈದು ಸಲದ ಸಕ್ಕರೆ ಚಾ, ಬೇಕರಿ ತಿಂಡಿ, ಸಂಜೆಯ ಭಜಿ. ಬೊಜ್ಜು ನಿಜವಾಗಿ ಇದ್ದರೆ ವಾರಕ್ಕೆ ಅರ್ಧ ಕೆಜಿಗಿಂತ ಜಾಸ್ತಿ ಇಳಿಸಬೇಡಿ. ಬೊಜ್ಜು ಇದೆಯಾ ಇಲ್ಲವಾ ಅಂತ ತಿಳಿಯಲು ಸೊಂಟಕ್ಕೆ ಟೇಪ್ ಹಿಡಿಯಿರಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಇಳಿಸುವುದರಲ್ಲಿ ಅರ್ಥ ಇದೆ. ಅದಕ್ಕಿಂತ ಕಡಿಮೆ ಇದ್ದರೆ ಓಟದ ಮೇಲೆ ಗಮನ ಇಡಿ.

ಈಗ ನನಗೆ ತುಂಬ ಮುಖ್ಯವಾದ ಮಾತು. ಒಬ್ಬ ತಾಯಿ ಖುಷಿಯಿಂದ ಕೇಳಿದರು, “ಅಕ್ಕೋರೆ, ಮಗಳು ತೆಳ್ಳಗಾದ ಮೇಲೆ ಚಲೋ ಓಡ್ತಾಳೆ, ಅಲ್ವಾ?” ಹೌದು, ಮೊದಲ ಕೆಲವು ತಿಂಗಳು ಟೈಮಿಂಗ್ ಚೆನ್ನಾಗೇ ಆಗುತ್ತದೆ. ಮೋಸ ಇರುವುದೇ ಅಲ್ಲಿ. ನಾನು ಆ ಹುಡುಗಿಯನ್ನು ಪಕ್ಕಕ್ಕೆ ಕರೆದು ಮುಟ್ಟು ಸರಿಯಾಗಿ ಆಗುತ್ತಿದೆಯಾ ಅಂತ ಕೇಳಿದೆ. ಆಗುತ್ತಿರಲಿಲ್ಲ. ಅದೇ ವಾರ ಡಾಕ್ಟರ ಹತ್ತಿರ ಕಳಿಸಿದೆ, ಓಟ ನಿಲ್ಲಿಸಿದೆ, ಊಟ ಹೆಚ್ಚಿಸಲು ಮನೆಯವರಿಗೆ ಹೇಳಿದೆ. ಓಟಕ್ಕೆ ಬೇಕಾದಷ್ಟು ಊಟ ಸಿಗದಿದ್ದರೆ ಮೈ ಮೊದಲು ಮುಟ್ಟು ನಿಲ್ಲಿಸುತ್ತದೆ, ಆಮೇಲೆ ಎಲುಬು ಟೊಳ್ಳಾಗುತ್ತದೆ. 2014ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದಕ್ಕೆ ರೆಡ್-ಎಸ್ (ಕ್ರೀಡೆಯಲ್ಲಿ ಆಗುವ ಶಕ್ತಿಯ ಕೊರತೆ) ಅಂತ ಹೆಸರಿಟ್ಟು ಎಚ್ಚರಿಸಿತು. ಹುಡುಗರಿಗೂ ಇದು ಬರುತ್ತದೆ. ತೂಕ ಇಳಿಸು ಇಳಿಸು ಅನ್ನುವ ಒತ್ತಡದಲ್ಲಿ ಮೂರು ವರ್ಷ ಮುಟ್ಟು ನಿಂತು, ಐದು ಎಲುಬು ಮುರಿದವು ಅಂತ ಅಮೆರಿಕದ ಓಟಗಾರ್ತಿ ಮೇರಿ ಕೇನ್ 2019ರಲ್ಲಿ ಬಹಿರಂಗವಾಗಿ ಹೇಳಿದರು. ಮುಟ್ಟು ಮೂರು ತಿಂಗಳು ತಪ್ಪಿದರೆ, ಮೊಣಕಾಲ ಕೆಳಗಿನ ಎಲುಬಿನಲ್ಲಿ ಒಂದು ಬೆರಳಲ್ಲಿ ತೋರಿಸುವಂಥ ಜಾಗದಲ್ಲೇ ನೋವಿದ್ದರೆ, ಪದೇ ಪದೇ ಜ್ವರ ನೆಗಡಿ ಬಂದರೆ ಕಾಯಬೇಡಿ. ಬೆಳೆಯುವ ಮಕ್ಕಳನ್ನು ಮೈದಾನದಲ್ಲಿ ತೂಕ ಮಾಡಬಾರದು, ತೂಕದ ಮಾತೂ ಆಡಬಾರದು. ನನ್ನ ಗುಂಪಿನಲ್ಲಿ ಇದು ಕಟ್ಟುನಿಟ್ಟು.

ಹಾಗಾದರೆ ಸುಧಾರಣೆ ತಿಳಿಯುವುದು ಹೇಗೆ? ತಿಂಗಳಿಗೊಮ್ಮೆ ಅದೇ ರಸ್ತೆ, ಅದೇ ಹೊತ್ತು, 3 ಕಿಲೋಮೀಟರ್ ಓಡಿ ಟೈಮ್ ಬರೆದಿಡಿ. ಬೆಳಿಗ್ಗೆ ಏಳುವ ಮೊದಲು ನಾಡಿ ಎಣಿಸಿ ಅದನ್ನೂ ಬರೆಯಿರಿ. ಟೈಮ್ ಇಳಿದು ನಾಡಿಯೂ ಇಳಿದಿದ್ದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ, ತೂಕ ಅಷ್ಟೇ ಇದ್ದರೂ.

ಸ್ಪರ್ಧೆಯ ವಾರ ಓಟ ಕಡಿಮೆ ಮಾಡಿ ಅನ್ನ ಜಾಸ್ತಿ ಉಂಡಾಗ ತೂಕ ಒಂದು ಕೆಜಿ, ಕೆಲವೊಮ್ಮೆ ಇನ್ನೂ ಸ್ವಲ್ಪ ಏರುತ್ತದೆ. ಅನ್ನದ ಶಕ್ತಿ ಸ್ನಾಯುವಿನಲ್ಲಿ ಗ್ಲೈಕೋಜನ್ ಆಗಿ ಕೂರುತ್ತದೆ, ಅದರ ಒಂದು ಗ್ರಾಂ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದುಕೊಳ್ಳುತ್ತದೆ. ಹಾಫ್ ಮ್ಯಾರಥಾನಿನ ಕೊನೆಯ ಐದು ಕಿಲೋಮೀಟರಿಗೆ ಬೇಕಾದದ್ದು ಅದೇ. ಗಾಬರಿಯಾಗಿ ಹಿಂದಿನ ರಾತ್ರಿ ಊಟ ಬಿಡಬೇಡಿ.