ಮೊಣಕಾಲು ವಾಸಿಯಾಯ್ತು, ಡಿಫೆನ್ಸ್ ಬದಲಾಯ್ತು: ಲೈನ್‌ಮನ್ ವಾಪಸಾಗುವ ಬಗೆ

ಟೆಕ್ಸಾಸ್‌ನಲ್ಲಿ ಫಿಸಿಯೋಥೆರಪಿ ನನ್ನ ಕಸುಬು. ಎಸಿಎಲ್ (ಮೊಣಕಾಲಿನೊಳಗಿನ ಲಿಗಮೆಂಟ್) ಸರ್ಜರಿ ಮುಗಿಸಿ, ಹೊಸ ಕೋಚ್‌ನ ಹೊಸ ಡಿಫೆನ್ಸ್‌ಗೆ ವಾಪಸಾಗುವ ಫುಟ್‌ಬಾಲ್ ಹುಡುಗರಿಗೆ (ಅಮೆರಿಕನ್ ಫುಟ್‌ಬಾಲ್, ಡಿಕ್ಕಿ ಹೊಡೆಯೋ ಆಟ; ಲೈನ್‌ಮನ್ ಅಂದರೆ ಅದರಲ್ಲಿ ಎದುರಾಳಿಗೆ ಮುಖಾಮುಖಿ ಮುಂದಿನ ಸಾಲಲ್ಲಿ ನಿಲ್ಲುವವನು) ನಾನು ಕೇಳುವ ಮೊದಲ ಪ್ರಶ್ನೆ ಕಾಲಿನದಲ್ಲ: "ಹೊಸ ಕೋಚ್ ನಿನ್ನನ್ನ ಎಲ್ಲಿ ನಿಲ್ಲಿಸ್ತಾರಂತೆ?"

ಕಾಲಿನ ತಯಾರಿ ಏನೆಂದು ತೀರ್ಮಾನಿಸುವುದೇ ಆ ಉತ್ತರ. ಒಂದೇ ಗ್ಯಾಪ್ (ಎದುರು ಸಾಲಿನಲ್ಲಿ ಇಬ್ಬರ ನಡುವಿನ ಸಂದಿ) ಹೊಣೆಯಾದರೆ, ಉದಾಹರಣೆಗೆ ಗಾರ್ಡ್‌ನ (ಆ ಸಾಲಿನ ನಟ್ಟನಡುವಿನ ಸೆಂಟರ್‌ನ ಪಕ್ಕದವನು) ಹೊರಭುಜದ ಎದುರು ನಿಲ್ಲುವ 3-ಟೆಕ್ನಿಕ್ ಎಂಬ ಜಾಗದಲ್ಲಿ, ಸ್ನ್ಯಾಪ್ ಆದ ಕ್ಷಣ (ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುಮಾಡಿದಾಗ) ಆ ಸಂದಿಯೊಳಗೆ ನುಗ್ಗಬೇಕು. ಮೊದಲ ಹೆಜ್ಜೆಯ ಸಿಡಿತ, ತಟ್ಟನೆ ನಿಂತು ತಿರುಗುವುದು, ಇವು ನಿಮ್ಮ ಅಭ್ಯಾಸ. ಸೆಂಟರ್‌ನ ನೇರ ಎದುರು ನಿಂತು ಎರಡೂ ಬದಿಯ ಗ್ಯಾಪ್ ಕಾಯುವ ನೋಸ್ ಟ್ಯಾಕಲ್ ಆದರೆ ಕಥೆಯೇ ಬೇರೆ: ಬ್ಲಾಕರ್‌ನನ್ನು (ಅಡ್ಡಗಟ್ಟುವ ಎದುರಾಳಿಯನ್ನು) ಕೈಯಲ್ಲಿ ಹಿಡಿದಿಟ್ಟು, ಚೆಂಡು ಯಾವ ಕಡೆ ಹೋಯಿತೆಂದು ನೋಡಿ, ಆಮೇಲೆ ಕಿತ್ತುಕೊಂಡು ಹೊರಡಬೇಕು. ಅಷ್ಟರಲ್ಲಿ ಪಕ್ಕದಿಂದ ಇನ್ನೊಬ್ಬ ಬಂದು ಒತ್ತುತ್ತಾನೆ. ಇಲ್ಲಿ ಬೇಕಾದದ್ದು ಮೊಣಕಾಲು ಬಗ್ಗಿಸಿ ಕದಲದೆ ನಿಲ್ಲುವ ಬಲ.

ಸಾಲಿನ ಎಡದಿಂದ ಬಲಕ್ಕೆ ಕಳಿಸಿದರೂ ಸಣ್ಣ ವಿಷಯವೆಂದುಕೊಳ್ಳಬೇಡಿ. ಆಟ ಶುರುವಾಗುವ ಮುನ್ನ ಬಗ್ಗಿ ನೆಲಕ್ಕೆ ಊರುವ ಕೈ ಬದಲಾದರೆ ಹಿಂದಿನ ಕಾಲೂ ಬದಲಾಗುತ್ತದೆ. ಸರ್ಜರಿಯಾದ ಕಾಲೇ ಈಗ ತಳ್ಳುವ ಕಾಲಾಗಬಹುದು. ಇದನ್ನು ನಿಮ್ಮ ಫಿಸಿಯೋಗೆ ಹೇಳಿ. ಕೋಚ್ ಹೇಳಿರುತ್ತಾರೆಂದು ಕಾಯಬೇಡಿ.

ಸರ್ಜರಿಯಾಗಿ ಒಂಬತ್ತು ತಿಂಗಳಿಗೆ ಮೊದಲು ಮೈದಾನ ಬೇಡ. ಓಸ್ಲೋ ಮತ್ತು ಡೆಲವೇರ್‌ನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ಒಂಬತ್ತು ತಿಂಗಳವರೆಗೆ ತಡಮಾಡಿದ ಪ್ರತಿ ತಿಂಗಳಿಗೂ ಮೊಣಕಾಲು ಮತ್ತೆ ಗಾಯಗೊಳ್ಳುವುದು ಸುಮಾರು ಅರ್ಧದಷ್ಟು ಕಡಿಮೆಯಾಗಿತ್ತು. ತೊಡೆಯ ಬಲ ಇನ್ನೊಂದು ಕಾಲಿನ 90%ಗೆ ಬರಬೇಕು ಅನ್ನುತ್ತಾರೆ. ಆದರೆ ಮಲಗಿ ಎದ್ದವನ ಒಳ್ಳೆಯ ಕಾಲೂ ಸೊರಗಿರುತ್ತದೆ, ಗಾಯಕ್ಕೆ ಮೊದಲಿನ ಅಳತೆ ಇದ್ದರೆ ಅದನ್ನೇ ಹಿಡಿಯಿರಿ.

ಕಾಯುವ ತಿಂಗಳುಗಳಲ್ಲಿ ಪ್ಲೇಬುಕ್ (ತಂಡದ ಆಟದ ಯೋಜನೆಗಳ ಪುಸ್ತಕ) ಓದಿದರೆ ಸಾಲದು, ಕಾಲಿಗೆ ಕಲಿಸಬೇಕು. ನಡೆಯಲು ಡಾಕ್ಟರ್ ಒಪ್ಪಿದ ಮೇಲೆ, ನೆಲದ ಮೇಲೆ ಟೇಪ್ ಅಂಟಿಸಿ ಎದುರು ಸಾಲಿನ ಗಾರ್ಡ್, ಸೆಂಟರ್, ಟ್ಯಾಕಲ್‌ಗಳ (ಗಾರ್ಡ್‌ನ ಹೊರಬದಿಯವರು) ಜಾಗ ಗುರುತು ಮಾಡಿ. ಅಮ್ಮನೋ ತಂಗಿಯೋ ಹೊಸ ಕಾಲ್ (ಯಾವ ಕಡೆ ಹೋಗಬೇಕೆಂಬ ಸೂಚನೆ) ಕೂಗಲಿ. ನೀವು ಒಂದೇ ಹೆಜ್ಜೆ ಇಡಿ, ಅಷ್ಟೇ. ಸ್ಲ್ಯಾಂಟ್ (ಓರೆಯಾಗಿ ಪಕ್ಕದ ಸಂದಿಗೆ ನುಗ್ಗುವುದು), ಸ್ಟಂಟ್ (ಇಬ್ಬರು ಸಂದಿ ಅದಲುಬದಲು ಮಾಡಿ ನುಗ್ಗುವುದು) ಎಲ್ಲ ಹೀಗೇ. ಯೋಚಿಸಿ ಹೆಜ್ಜೆ ಇಡುವವನು ಆ ಅರೆಕ್ಷಣ ಸೊಂಟ ಎತ್ತಿ ನಿಂತಿರುತ್ತಾನೆ, ಕಾಲು ನೆಲಕ್ಕೆ ನಾಟಿರುತ್ತದೆ, ಮುನ್ನೂರು ಪೌಂಡಿನ ಮನುಷ್ಯ ಬಂದು ಬೀಳುವುದು ಆಗಲೇ. ನನಗೆ ಭಯ ಇರುವುದು ಕಾಲ್ ಮರೆತ ಹುಡುಗನ ಬಗ್ಗೆ.

ದಮ್ಮಿಗೆಂದು ಮೈಲುಗಟ್ಟಲೆ ಓಡಬೇಡಿ. ಒಂದು ಪ್ಲೇ (ಒಂದು ಸಲದ ಆಟ) ಐದಾರು ಸೆಕೆಂಡ್. ಅಷ್ಟು ಹೊತ್ತು ಸ್ಲೆಡ್ (ಅಭ್ಯಾಸಕ್ಕೆ ತಳ್ಳುವ ಭಾರದ ಜಾರುಬಂಡಿ) ತಳ್ಳಿ, ಅರ್ಧ ನಿಮಿಷ ನಿಲ್ಲಿ, ಮತ್ತೆ ತಳ್ಳಿ.

ಮೈದಾನದಲ್ಲಿ ಮೊದಲು ನಿಧಾನದ ವಾಕ್‌ಥ್ರೂ (ನಡೆದೇ ಮಾಡುವ ಅಭ್ಯಾಸ), ಆಮೇಲೆ ಬ್ಯಾಗ್ (ಡಿಕ್ಕಿ ಹೊಡೆಯುವ ಮೆತ್ತನೆಯ ಚೀಲ), ಆಮೇಲೆ ಒಬ್ಬನೆದುರು ಒಬ್ಬ. ಡಬಲ್ ಟೀಮ್ (ಇಬ್ಬರು ಸೇರಿ ನಿಮ್ಮೊಬ್ಬರನ್ನು ತಳ್ಳುವುದು) ಎಲ್ಲಕ್ಕಿಂತ ಕೊನೆಗೆ.

ವೃತ್ತಿಪರ ಲೈನ್‌ಮನ್ ನಿಕ್ ಬೋಸಾನ ಹೆಸರು ಎಲ್ಲರ ಬಾಯಲ್ಲೂ ಬರುತ್ತದೆ: 2020ರ ಸೆಪ್ಟೆಂಬರ್‌ನಲ್ಲಿ ಎಸಿಎಲ್ ಹರಿಯಿತು, ಮರುವರ್ಷ 15.5 ಸ್ಯಾಕ್ (ಚೆಂಡು ಎಸೆಯುವ ಮುನ್ನವೇ ಕ್ವಾರ್ಟರ್‌ಬ್ಯಾಕನ್ನು ಕೆಡವುವುದು). ಸರಿ, ಆದರೆ ಅವನ ತಂಡ ಫಾರ್ಟಿನೈನರ್ಸ್‌ನಲ್ಲಿ ಡಿಫೆನ್ಸ್ ಕೋಚ್ ಸಾಲೆ ಹೋಗಿ ಡಿಮೆಕೊ ರಯನ್ಸ್ ಬಂದರೂ ಬೋಸಾ ಮಾಡಬೇಕಾದ ಕೆಲಸ ಹೆಚ್ಚೇನೂ ಬದಲಾಗಲಿಲ್ಲ. ನಿಮ್ಮದು ಬದಲಾಗಿದೆ.

ಪ್ರತಿ ಪ್ರಾಕ್ಟೀಸಿನ ಮರುದಿನ ಬೆಳಿಗ್ಗೆ ಎರಡೂ ಮೊಣಕಾಲು ಮುಟ್ಟಿ ನೋಡಿ. ಊತ ಇದ್ದರೆ ಅಂದು ಡಿಕ್ಕಿ ಇಲ್ಲ, ಮೀಟಿಂಗ್ ಮಾತ್ರ. ಕೋಚ್‌ಗೆ ಪ್ರಾಕ್ಟೀಸ್ ಶುರುವಾಗುವ ಮುಂಚೆಯೇ ಹೇಳಿ.