ಮುಂಬೈ, ಪುಣೆ, ಗೋವಾದಿಂದ ವಂಡರ್‌ಲಾಕ್ಕೆ: ಮೊದಲು ಪಾರ್ಕಿನ ದಿನಕ್ಕೆ ಗೂಟ ಹೊಡೆಯಿರಿ

ಬೆಂಗಳೂರು ಬಿಟ್ಟು ಹಿಂಜವಡಿಗೋ ಡೊಂಬಿವಲಿಗೋ ವಾಸ್ಕೋಗೋ ಬಂದು ನೆಲೆಸಿದ ಮನೆಗಳಲ್ಲಿ ಮಕ್ಕಳು ಬಿಡದೆ ಕೇಳುವ ಪ್ರಶ್ನೆ ಒಂದಿದೆ: ವಂಡರ್‌ಲಾಕ್ಕೆ ಮತ್ತೆ ಯಾವಾಗ? ಬೆಂಗಳೂರಿನಲ್ಲಿದ್ದಾಗ ಬಿಡದಿ ಬಳಿಯ ಆ ಮನರಂಜನಾ ಪಾರ್ಕಿಗೆ ಬೆಳಿಗ್ಗೆ ತಿಂಡಿ ಮುಗಿಸಿ ಮೈಸೂರು ರಸ್ತೆ ಹಿಡಿದರೆ ಸಾಕಿತ್ತು. ಈಗ ಅದೇ ಒಂದು ದಿನದ ಆಟಕ್ಕೆ ಐದು ದಿನದ ರಜೆ ಬೇಕು. ಹೀಗಿದ್ದೂ ಹೆಚ್ಚಿನವರು ಊರಿನ ಟಿಕೆಟ್ ಮೊದಲು ತೆಗೆದು, ‘ಹೇಗೂ ಹೋಗ್ತೀವಲ್ಲ, ಮಧ್ಯೆ ಒಂದಿನ ಪಾರ್ಕಿಗೂ ಹೋದರಾಯ್ತು’ ಎಂದುಕೊಳ್ಳುತ್ತಾರೆ. ಕೆಡುವುದು ಅಲ್ಲೇ. ಸೋದರತ್ತೆಯ ಮನೆ, ಚಿಕ್ಕಪ್ಪನ ಮನೆ, ಯಾರದೋ ನಾಮಕರಣ ಎಂದು ದಿನಗಳು ಕರಗಿ, ಪಾರ್ಕಿಗೆ ಉಳಿಯುವುದು ವಾಪಸು ರೈಲು ಹತ್ತಬೇಕಾದ ದಿನ ಮಾತ್ರ. ಅದಕ್ಕೇ ತಿರುವುಮುರುವು ಮಾಡಿ: ಪಾರ್ಕಿನ ದಿನ ಮೊದಲು, ಅದರ ಸುತ್ತ ರೈಲು, ಆಮೇಲೆ ನೆಂಟರು.

ಯಾವ ದಿನ

ಮಹಾರಾಷ್ಟ್ರದಲ್ಲಿ ಓದುವ ಮಕ್ಕಳಿಗೆ ಒಂದು ಒಳ್ಳೆಯ ಅನುಕೂಲವಿದೆ. ಇದನ್ನು ಬಳಸಿಕೊಳ್ಳುವವರು ಕಡಿಮೆ. ಕರ್ನಾಟಕದ ಶಾಲೆಗಳು ಮೇ ಕೊನೆಗೆ ಅಥವಾ ಜೂನ್ ಮೊದಲ ದಿನಗಳಲ್ಲೇ ತೆರೆಯುತ್ತವೆ. ಮಹಾರಾಷ್ಟ್ರ ರಾಜ್ಯ ಮಂಡಳಿಯ ಶಾಲೆಗಳು ತೆರೆಯುವುದು ಜೂನ್ ಮಧ್ಯಕ್ಕೆ. ನಡುವಿನ ಆ ಹತ್ತು ಹನ್ನೆರಡು ದಿನ ಬೆಂಗಳೂರಿನ ಮಕ್ಕಳು ತರಗತಿಯಲ್ಲಿರುತ್ತಾರೆ, ನಿಮ್ಮ ಮಕ್ಕಳಿಗೆ ರಜೆ. ಆ ಅವಧಿಯ ಮಂಗಳವಾರ, ಬುಧವಾರ, ಗುರುವಾರಗಳಷ್ಟು ಸಲೀಸಾದ ದಿನಗಳು ಬೇಸಿಗೆಯಲ್ಲಿ ಬೇರೆ ಸಿಗುವುದಿಲ್ಲ. ಏಪ್ರಿಲ್–ಮೇ ತಿಂಗಳ ವಾರಾಂತ್ಯದಲ್ಲಿ ಮಾತ್ರ ಹೋಗಬೇಡಿ. ಸಾವಿರ ಕಿಲೋಮೀಟರ್ ಬಂದು ಸಾಲಿನಲ್ಲೇ ದಿನ ಕಳೆದಂತಾಗುತ್ತದೆ.

ದೀಪಾವಳಿ ರಜೆಗೂ ಇದೇ ಲೆಕ್ಕ. ಕರ್ನಾಟಕದ ದೊಡ್ಡ ರಜೆ ದಸರೆಗೇ ಮುಗಿದಿರುತ್ತದೆ, ಮಹಾರಾಷ್ಟ್ರದ್ದು ದೀಪಾವಳಿ ದಾಟಿಯೂ ಮುಂದುವರಿಯುತ್ತದೆ. ಆದರೆ ನವೆಂಬರ್ ಕೊನೆಯಿಂದ ಜನವರಿವರೆಗೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ, ಅದೂ ವಾರದ ನಡುವಿನ ದಿನಗಳಲ್ಲೇ. ಜೊತೆಗೆ ಡಿಸೆಂಬರಿನ ಬೆಂಗಳೂರಿನ ನೀರು ಮುಂಬೈ, ಗೋವಾದ ಸೆಕೆಗೆ ಒಗ್ಗಿದ ಮಕ್ಕಳಿಗೆ ನಡುಕ ಹುಟ್ಟಿಸುತ್ತದೆ.

ಜೂನ್‌ನಲ್ಲಿ ಹೋಗುವುದಾದರೆ ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬೆಂಗಳೂರಿನಲ್ಲಿ ಆ ಹೊತ್ತಿಗೆ ಮಳೆ ಸಾಮಾನ್ಯವಾಗಿ ಸಂಜೆ ಬರುತ್ತದೆ, ಗುಡುಗು ಮಿಂಚಿದ್ದರೆ ಎತ್ತರದ ರೈಡ್‌ಗಳು ನಿಲ್ಲುತ್ತವೆ. ಆದ್ದರಿಂದ ಬಯಲಿನ ದೊಡ್ಡ ರೈಡ್‌ಗಳನ್ನು ಬೆಳಗಿನ ಹೊತ್ತೇ ಮುಗಿಸಬೇಕು. ಅತ್ತ ಕರ್ಜತ್–ಲೋಣಾವಳಾ ಘಾಟಿಯಲ್ಲೂ ಇತ್ತ ಗೋವಾದ ದೂಧಸಾಗರ ಘಾಟಿಯಲ್ಲೂ ಜೋರು ಮಳೆಗೆ ಗುಡ್ಡ ಜರಿದು ರೈಲು ತಡವಾಗುವುದು, ರದ್ದಾಗುವುದು ಹೊಸದಲ್ಲ. ಹೋಗುವ ರೈಲಿಗೂ ಪಾರ್ಕಿಗೂ ನಡುವೆ ಒಂದು ಖಾಲಿ ದಿನ ಇರಲಿ.

ಟೇಪು ಹಿಡಿದು ಎತ್ತರ ಅಳೆಯಿರಿ

ಮಕ್ಕಳಿಗೆ ಪಾರ್ಕಿನ ಟಿಕೆಟ್ ದರ ನಿರ್ಧಾರವಾಗುವುದು ವಯಸ್ಸಿನಿಂದಲ್ಲ, ಎತ್ತರದಿಂದ. 85 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಉಚಿತ, 85ರಿಂದ 140ರವರೆಗೆ ಮಕ್ಕಳ ಟಿಕೆಟ್, ಅದರ ಮೇಲೆ ಪೂರ್ತಿ. ಊರು ಬಿಟ್ಟು ಎರಡು ವರ್ಷವಾಗಿದ್ದರೆ ಹಳೆಯ ನೆನಪಿನ ಮೇಲೆ ಬುಕ್ ಮಾಡಬೇಡಿ; ಆ ವಯಸ್ಸಿನಲ್ಲಿ ಮಕ್ಕಳು ವರ್ಷಕ್ಕೆ ಐದಾರು ಸೆಂ.ಮೀ. ಬೆಳೆಯುತ್ತಾರೆ. ಚಪ್ಪಲಿ ತೆಗೆಸಿ, ಗೋಡೆಗೆ ಹಿಮ್ಮಡಿ ತಾಗಿಸಿ, ತಲೆಯ ಮೇಲೆ ಪುಸ್ತಕವನ್ನು ಅಡ್ಡ ಇಟ್ಟು ಗುರುತು ಹಾಕಿ ಅಳೆಯಿರಿ.

ದುಡ್ಡಿಗಿಂತ ಮುಖ್ಯವಾದ ಇನ್ನೊಂದು ಕಾರಣವಿದೆ. ಪ್ರತಿ ರೈಡ್‌ನ ಬಾಗಿಲಲ್ಲೂ ಎತ್ತರದ ಮಿತಿ ಬರೆದಿರುತ್ತದೆ, ರಿಕಾಯಿಲ್‌ನಂಥ ಹಿಂದಕ್ಕೂ ಓಡುವ ರೋಲರ್ ಕೋಸ್ಟರಿಗೆ ಸಣ್ಣ ಮಕ್ಕಳನ್ನು ಬಿಡುವುದಿಲ್ಲ. ‘ಈ ಸಲ ನಿನ್ನನ್ನ ಕೂರಿಸ್ತೀನಿ’ ಎಂದು ಮಾತು ಕೊಟ್ಟು ಅಷ್ಟು ದೂರ ಕರೆದುಕೊಂಡು ಹೋಗಿ, ಬಾಗಿಲಲ್ಲಿ ಮಗುವನ್ನು ತಿರುಗಿಸಿ ಕಳಿಸಿದರೆ ಇಡೀ ಪ್ರವಾಸದ ಮೇಲೆ ಅದೇ ನೆರಳು. ಪಾರ್ಕಿನ ಜಾಲತಾಣದಲ್ಲಿ ರೈಡ್‌ಗಳ ಮಿತಿ ನೋಡಿ, ಮಗುವಿನ ಎದುರೇ ಪಟ್ಟಿ ಮಾಡಿ. ತಲೆಸುತ್ತು, ವಾಂತಿಯ ಅಂಜಿಕೆಯಿದ್ದರೆ ಮುಂಬೈ, ಪುಣೆಯವರು ಮೊದಲು ಖೋಪೋಲಿಯ ಇಮ್ಯಾಜಿಕಾ ಪಾರ್ಕಿಗೆ ಒಂದು ದಿನ ಹೋಗಿಬರಬಹುದು. ಮಗುವಿಗೆ ಏನು ಒಗ್ಗುತ್ತದೆ ಎಂಬುದು ಮನೆಯ ಹತ್ತಿರವೇ ಗೊತ್ತಾಗುತ್ತದೆ.

ರೈಲು

ಮುಂಗಡ ಬುಕಿಂಗ್ ಈಗ 60 ದಿನ ಮಾತ್ರ. 2024ರ ನವೆಂಬರಿಗೆ ಮೊದಲಿದ್ದ 120 ದಿನದ ಅಭ್ಯಾಸ ಮರೆತುಬಿಡಿ. ಹೊರಡುವ ದಿನವನ್ನು ಬಿಟ್ಟು ಎಣಿಸಬೇಕು. ಪಾರ್ಕಿನ ದಿನ ಜೂನ್ 10 ಎಂದಿಟ್ಟುಕೊಂಡರೆ ಜೂನ್ 8ರ ರೈಲು ಹಿಡಿಯಬೇಕು, ಅದರ ಬುಕಿಂಗ್ ಏಪ್ರಿಲ್ 9ರ ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. ವಾಪಸು ಜೂನ್ 12 ಆದರೆ ಏಪ್ರಿಲ್ 13. ಎರಡೂ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ತತ್ಕಾಲ್ ನೆಚ್ಚಿಕೊಂಡು ನಾಲ್ಕು ಜನರ ಸಂಸಾರ ಹೊರಡಬಾರದು. ಎರಡು ಸೀಟು ಸಿಕ್ಕಿ ಎರಡು ಸಿಗದಿದ್ದರೆ ಏನೂ ಮಾಡಲಾಗದು. 5 ವರ್ಷದೊಳಗಿನ ಮಗುವಿಗೆ ಬರ್ತ್ ಬೇಡವಾದರೆ ಟಿಕೆಟ್ ಬೇಡ. 5ರಿಂದ 12ರ ಒಳಗಿನವರಿಗೆ ಬರ್ತ್ ಬೇಕೆಂದರೆ ಪೂರ್ತಿ ದರ, ಬೇಡವೆಂದರೆ ಅರ್ಧ. ರಾತ್ರಿ ಪ್ರಯಾಣವಾದ್ದರಿಂದ ಅಲ್ಲಿ ಉಳಿಸಲು ಹೋಗಬೇಡಿ: ನಿದ್ದೆಯಿಲ್ಲದ ಮಗು ಪಾರ್ಕಿನಲ್ಲಿ ಮಧ್ಯಾಹ್ನಕ್ಕೇ ಸೋತು ಕೂರುತ್ತದೆ.

ಮುಂಬೈಯವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಹಳೆಯ, ನಂಬಿಕೆಯ ಗಾಡಿ. ಬೆಳಿಗ್ಗೆ ಸಿಎಸ್‌ಎಂಟಿ ಬಿಟ್ಟು ಮರುದಿನ ಬೆಳಿಗ್ಗೆ ಕೆಎಸ್‌ಆರ್ ಬೆಂಗಳೂರು. ಡೊಂಬಿವಲಿ, ಅಂಬರನಾಥದವರು ಕಲ್ಯಾಣದಲ್ಲೇ ಹತ್ತಬಹುದು, ಪುಣೆಯವರಿಗೂ ಇದೇ ಗಾಡಿ. ಇದು ಸೊಲ್ಲಾಪುರ, ಕಲಬುರಗಿ ಮೇಲೆ ಹೋಗುತ್ತದೆ. ದಾರಿಯಲ್ಲಿ ಹುಬ್ಬಳ್ಳಿಯ ಅಜ್ಜಿಯನ್ನೂ ಕರೆದುಕೊಳ್ಳಬೇಕೆಂದರೆ ಮೀರಜ್ ಮೇಲಿನ ಗಾಡಿ ನೋಡಬೇಕು. ಇಡೀ ದಿನ ಒಂದೇ ಡಬ್ಬಿಯಲ್ಲಿ ಕೂರಲಾರದ ಮಕ್ಕಳಿದ್ದರೆ ಪುಣೆ–ಹುಬ್ಬಳ್ಳಿ ವಂದೇ ಭಾರತ್ ಹಿಡಿದು, ಹುಬ್ಬಳ್ಳಿಯಲ್ಲಿ ಮಲಗಿ, ಮರುದಿನ ಹಗಲು ಗಾಡಿಯಲ್ಲಿ ಮುಂದುವರಿಯಿರಿ. ಆ ವಂದೇ ಭಾರತ್ ವಾರದಲ್ಲಿ ಮೂರು ದಿನ ಮಾತ್ರ ಓಡುತ್ತದೆ. ಗೋವಾದವರಿಗೆ ವಾಸ್ಕೋ–ಯಶವಂತಪುರ ಎಕ್ಸ್‌ಪ್ರೆಸ್ ಇದ್ದೇ ಇದೆ.

ಟಿಕೆಟಿನಲ್ಲಿ ಬೆಂಗಳೂರಿನ ಯಾವ ನಿಲ್ದಾಣ ಎಂದು ಸರಿಯಾಗಿ ಓದಿ. ಪಾರ್ಕಿರುವುದು ನೈಋತ್ಯಕ್ಕೆ, ಮೈಸೂರು ರಸ್ತೆಯಲ್ಲಿ, ಊರಿನಿಂದ ಸುಮಾರು 28 ಕಿ.ಮೀ. ಎಸ್‌ಎಂವಿಟಿ, ಅಂದರೆ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್, ಇರುವುದು ಬೈಯಪ್ಪನಹಳ್ಳಿಯಲ್ಲಿ, ಊರಿನ ಪೂರ್ವದ ತುದಿಯಲ್ಲಿ. ಆಯ್ಕೆಯಿದ್ದರೆ ಮೆಜೆಸ್ಟಿಕ್ ಬಳಿಯ ಕೆಎಸ್‌ಆರ್, ಇಲ್ಲವೇ ಯಶವಂತಪುರ.

ಬುತ್ತಿ ವಿಷಯ: ನಾಲ್ವರಿಗೆ ಒಂದು ಹಗಲು, ಒಂದು ರಾತ್ರಿಗೆ 24 ಚಪಾತಿ, ಚಟ್ನಿಪುಡಿ, ಮೂರು ಪಾವು ಅಕ್ಕಿಯ ಪುಳಿಯೋಗರೆ ಸಾಕು. ತೆಂಗಿನಕಾಯಿ ಚಟ್ನಿ ಮಧ್ಯಾಹ್ನದೊಳಗೆ ಹಳಸುತ್ತದೆ, ಬೇಡ. ಮೊಸರನ್ನ ಹುಳಿಯಾಗಬಾರದೆಂದರೆ ಅನ್ನ ಪೂರ್ತಿ ಆರಿದ ಮೇಲೆ ಕಾಯಿಸಿ ಆರಿಸಿದ ಹಾಲು ಹಾಕಿ, ಮೊಸರು ಒಂದೇ ಚಮಚ ಬೆರೆಸಿ. ಊಟದ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ.

ಕಾರು, ಬಸ್ಸು, ವಿಮಾನ

ಪುಣೆಯಿಂದ ಬೆಂಗಳೂರಿಗೆ ಸುಮಾರು 840 ಕಿ.ಮೀ., ಮುಂಬೈಯಿಂದ ಅದಕ್ಕಿನ್ನೂ 150 ಸೇರಿಸಿ. ಮಕ್ಕಳಿದ್ದರೆ ಒಂದೇ ದಿನದಲ್ಲಿ ಓಡಿಸುವ ಹಟ ಬೇಡ. ಪುಣೆಯನ್ನು ಬೆಳಿಗ್ಗೆ 5ಕ್ಕೆ ಬಿಟ್ಟರೆ ಖಂಬಾಟಕಿ ಘಾಟಿಯಲ್ಲಿ ಲಾರಿಗಳ ಸಾಲು ಸೇರುವ ಮೊದಲೇ ದಾಟಬಹುದು. ಕೊಲ್ಲಾಪುರದ ಆಸುಪಾಸು ತಿಂಡಿ, ಬೆಳಗಾವಿ ದಾಟಿ ಊಟ, ರಾತ್ರಿ ಹುಬ್ಬಳ್ಳಿ–ಧಾರವಾಡದಲ್ಲಿ ತಂಗುವುದು. ಅಲ್ಲಿಗೆ ಸರಿಸುಮಾರು ಅರ್ಧ ದಾರಿ. ಮುಂಬೈಯವರಿಗೆ ಬೆಳಗಾವಿಯೇ ಸಾಕು.

ವಾರ್ಷಿಕ ಫಾಸ್ಟ್ಯಾಗ್ ಪಾಸ್ ಇದ್ದವರು ಒಂದು ಮಾತು ನೆನಪಿಡಿ. 200 ಸಲ ದಾಟಿಸುವ ಆ ಪಾಸ್ ರಾಷ್ಟ್ರೀಯ ಹೆದ್ದಾರಿಗಳ ಟೋಲ್‌ಗೆ ಮಾತ್ರ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಗೂ ಬೆಂಗಳೂರಿನ ನೈಸ್ ರಸ್ತೆಗೂ ನಡೆಯುವುದಿಲ್ಲ. ಮಾಮೂಲಿ ಬ್ಯಾಲೆನ್ಸ್ ಜೊತೆಗೆ ಸ್ವಲ್ಪ ನಗದೂ ಇರಲಿ. ನೈಸ್ ರಸ್ತೆ ಬಿಡಲೂಬಾರದು: ತುಮಕೂರು ಕಡೆಯಿಂದ ಬರುವವರು ಮಾದಾವರದ ಬಳಿ ಅದಕ್ಕೆ ತಿರುಗಿದರೆ ಊರೊಳಗೆ ಕಾಲಿಡದೆ ಮೈಸೂರು ರಸ್ತೆಗೆ ಇಳಿಯುತ್ತೀರಿ. ಅಲ್ಲಿ ಹಳಬರು ಎಡವುವುದುಂಟು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದಮೇಲೆ ನೀವು ಕಂಡಿದ್ದ ಮೈಸೂರು ರಸ್ತೆ ಅದಲ್ಲ. ಮುಖ್ಯ ರಸ್ತೆಗೆ ಹತ್ತಿಬಿಟ್ಟರೆ ಬೇಕಾದಲ್ಲಿ ತಿರುಗಲಾಗದೆ ಮುಂದೆ ಹೋಗಿಬಿಡುತ್ತೀರಿ. ಕೆಂಗೇರಿ ದಾಟಿದ ಮೇಲೆ ಸರ್ವಿಸ್ ರಸ್ತೆಯಲ್ಲೇ ಇರಿ. ಕುಂಬಳಗೋಡು ಆದಮೇಲೆ ಹೆಜ್ಜಾಲದ ಹತ್ತಿರ ಪಾರ್ಕಿನ ತಿರುವು.

ಸ್ಲೀಪರ್ ಬಸ್ಸಿನಲ್ಲಿ ಬರುವವರು ಆನಂದರಾವ್ ವೃತ್ತದವರೆಗೆ ಕೂರಬೇಕಿಲ್ಲ. ತುಮಕೂರು ರಸ್ತೆಯ ಮಾದಾವರದಲ್ಲೋ ಗೊರಗುಂಟೆಪಾಳ್ಯದಲ್ಲೋ ಇಳಿದರೆ ಹಸಿರು ಮಾರ್ಗದ ಮೆಟ್ರೋ ಸಿಗುತ್ತದೆ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿದರೆ ಕೊನೆಯ ನಿಲ್ದಾಣ ಚಲ್ಲಘಟ್ಟ, ಅಲ್ಲಿಂದ ಪಾರ್ಕಿಗೆ ಕ್ಯಾಬು. ವಿಮಾನ ಹತ್ತಿದರೆ ಹಾರಾಟ ಒಂದೂವರೆ ಗಂಟೆಯಾದರೂ ದೇವನಹಳ್ಳಿಯಿಂದ ಬಿಡದಿಗೆ ಇಡೀ ಊರು ಅಡ್ಡ ದಾಟಬೇಕು. ಎರಡು ಗಂಟೆಗೆ ಕಡಿಮೆ ಇಟ್ಟುಕೊಳ್ಳಬೇಡಿ.

ಹಿಂದಿನ ರಾತ್ರಿ ಎಲ್ಲಿ

ನೆಂಟರ ಮನೆ ವೈಟ್‌ಫೀಲ್ಡ್‌ನಲ್ಲಿದ್ದರೆ ಪಾರ್ಕಿನ ಹಿಂದಿನ ರಾತ್ರಿ ಅಲ್ಲಿ ಬೇಡ. ವಿಜಯನಗರ, ರಾಜರಾಜೇಶ್ವರಿನಗರ, ಕೆಂಗೇರಿ ಕಡೆ ಯಾರಿದ್ದಾರೆ ನೋಡಿ. ಇಲ್ಲವಾದರೆ ಪಾರ್ಕಿಗೆ ಅಂಟಿಕೊಂಡೇ ರೆಸಾರ್ಟ್ ಇದೆ. ನೆಂಟರಿಗೆ ಬೇಜಾರಾಗದ ದಾರಿಯೂ ಇದೆ. ‘ಚಿಕ್ಕಮ್ಮ, ಬುಧವಾರ ಮಕ್ಕಳನ್ನ ನಮ್ಮ ಜೊತೆ ಕಳಿಸಿ, ಗುರುವಾರ ಊಟಕ್ಕೆ ನಿಮ್ಮನೇಗೇ ಬರ್ತೀವಿ’ ಎಂದು ಎರಡು ವಾರ ಮೊದಲೇ ಫೋನ್ ಮಾಡಿಬಿಡಿ. ದಿನಾಂಕ ಗಟ್ಟಿಯಾಗುತ್ತದೆ, ಮಕ್ಕಳಿಗೆ ಓರಗೆಯವರೂ ಸಿಗುತ್ತಾರೆ.

ಪಾರ್ಕಿನ ದಿನ

ಟಿಕೆಟ್ ಆನ್‌ಲೈನ್‌ನಲ್ಲೇ ತೆಗೆದಿಡಿ. ಕಾಲೇಜು ಮಕ್ಕಳ, ಹಿರಿಯ ನಾಗರಿಕರ ರಿಯಾಯಿತಿಗೆ ಮೂಲ ಗುರುತಿನ ಚೀಟಿ ಬೇಕು. ಹತ್ತೂವರೆಗೆ ಗೇಟಿನಲ್ಲಿರಿ, ಬಾಗಿಲು ತೆರೆಯುವುದು 11ಕ್ಕೆ. ಒಳಗೆ ಹೋದವರೇ ಲಾಕರ್ ಹಿಡಿಯಿರಿ, ಮಾಂಗಲ್ಯ, ಬಳೆ, ಕನ್ನಡಕ, ಮೊಬೈಲು ಅಲ್ಲಿಗೆ. ಚಿನ್ನವನ್ನು ಮನೆಯಲ್ಲೇ ಬಿಟ್ಟು ಬಂದರೆ ಇನ್ನೂ ಒಳ್ಳೆಯದು. ಮೊದಲ ಒಂದೂವರೆ ಗಂಟೆ ದೊಡ್ಡ ಒಣ ರೈಡ್‌ಗಳಿಗೆ, ಹೊಟ್ಟೆ ಹಗುರ ಇರುವಾಗಲೇ. ಹನ್ನೆರಡೂವರೆಯ ಹೊತ್ತಿಗೇ ಊಟಕ್ಕೆ ಹೋಗಿಬಿಡಿ, ಒಂದು ಗಂಟೆಯ ನಂತರ ತಟ್ಟೆ ಹಿಡಿದು ನಿಲ್ಲಲೂ ಸಾಲು. ಉಂಡ ಮುಕ್ಕಾಲು ಗಂಟೆ ತಿರುಗುವ ಯಾವುದಕ್ಕೂ ಹತ್ತಬೇಡಿ. ಆಮೇಲೆ ನೀರು, ನಾಲ್ಕರವರೆಗೆ. ಚಳಿ ಹತ್ತಿದ ಮಕ್ಕಳನ್ನು ಕೊನೆಗೆ ಬೆಚ್ಚಗಿನ ನೀರಿನ ಮಳೆ ನೃತ್ಯಕ್ಕೆ ಬಿಡಿ. ಜನ ನೀರಿನಲ್ಲೇ ಉಳಿದಿರುವಾಗ ನೀವು ಬಟ್ಟೆ ಬದಲಿಸಿ ಹೊರಬಂದರೆ ಒಣ ರೈಡ್‌ಗಳ ಸಾಲು ಚಿಕ್ಕದಾಗಿರುತ್ತದೆ.

ನೀರಿಗಿಳಿಯುವ ಬಟ್ಟೆ ನೈಲಾನಿನಂಥದ್ದೇ ಆಗಬೇಕು. ಹತ್ತಿ ಬಟ್ಟೆಗೆ ನೀರಿನೊಳಗೆ ಬಿಡುವುದಿಲ್ಲ: ಅದು ನೀರು ಕುಡಿದು ಭಾರವಾಗುತ್ತದೆ, ಎಳೆ ಬಿಟ್ಟು ಕೊಳದ ಶೋಧಕಕ್ಕೆ ಹೋಗುತ್ತದೆ. ದಾದರ್‌ನಲ್ಲೋ ತುಳಶಿಬಾಗ್‌ನಲ್ಲೋ ಮೊದಲೇ ಕೊಂಡರೆ ಅಗ್ಗ. ತಲೆಗೆ ಎಣ್ಣೆ ಬೇಡ. ಮಧ್ಯಾಹ್ನ ನೆಲ ಕಾದಿರುತ್ತದೆ, ಹಿಂದೆ ಪಟ್ಟಿಯಿರುವ ರಬ್ಬರ್ ಸ್ಯಾಂಡಲ್ ಇದ್ದರೆ ಒಣ ರೈಡಿಗೂ ನೀರಿನ ಕಡೆ ಓಡಾಡಲೂ ಒಂದೇ ಸಾಕು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ.

ಅದೇ ರಾತ್ರಿಯ ರೈಲಿಗೆ ವಾಪಸಾಗುವ ಯೋಚನೆ ಬೇಡವೇ ಬೇಡ. ಸಂಜೆ ಆರೇಳು ಗಂಟೆಗೆ ಹೊರಬಿದ್ದವರು ಮೈಸೂರು ರಸ್ತೆಯ ದಟ್ಟಣೆ ದಾಟಿ ಎಂಟರ ಮೇಲಿನ ಗಾಡಿ ಹಿಡಿಯುವುದು ಅದೃಷ್ಟದ ಮಾತು. ಹಿಡಿದರೂ ಒದ್ದೆ ತಲೆಯ ಮಕ್ಕಳು ಎಸಿ ಡಬ್ಬಿಯಲ್ಲಿ ಮೂಗು ಸೋರಿಸುತ್ತಾ ಬರುತ್ತಾರೆ. ಒಂದು ರಾತ್ರಿ ಉಳಿದರೆ ಬಟ್ಟೆಗೂ ಒಳ್ಳೆಯದು. ನೈಲಾನನ್ನು ಹಿಂಡಿ ಫ್ಯಾನಿನ ಕೆಳಗೆ ಹರಡಿದರೆ ಬೆಳಿಗ್ಗೆಗೆ ಒಣಗಿರುತ್ತದೆ. ಒಣಗದೆ ಚೀಲವನ್ನೆಲ್ಲ ನಾರಿಸುವುದು ದಪ್ಪ ಟವೆಲ್. ಅದರ ಬದಲು ತಲೆಗೊಂದರಂತೆ ತೆಳು ಬೈರಾಸು ಒಯ್ಯಿರಿ.