ಎರಡು ಕೈ, ಒಂದು ಪತಂಗ

ನಾನು ನೋಡಿದ ಮೊದಲ ಕಾಡುಪಾಪ ಬರೀ ತಲೆಬುರುಡೆ. ಕಾಡುಪಾಪ ಅಂದರೆ ಮಂಗ, ಮನುಷ್ಯರ ಗುಂಪಿಗೇ ಸೇರಿದ, ರಾತ್ರಿ ಓಡಾಡುವ ಪುಟ್ಟ ಪ್ರಾಣಿ. ಆಗ ಮಾನವಶಾಸ್ತ್ರ ಓದುತ್ತಿದ್ದೆ. ನಿಂಬೆಹಣ್ಣಿನಷ್ಟು ಬುರುಡೆ, ಅದಕ್ಕೆ ದೊಡ್ಡ ದೊಡ್ಡ ಕಣ್ಣುಗುಳಿಗಳು. ಎರಡೂ ನಮ್ಮ ಹಾಗೇ ಮುಂದಕ್ಕೆ ತಿರುಗಿದ್ದವು. ಮರದ ಮೇಲೆ ಇರುವುದಕ್ಕೇ ಹೀಗಾಯಿತು ಎನ್ನೋಣ ಅಂದರೆ ಅಳಿಲೂ ಮರದಲ್ಲೇ ಇರುತ್ತದೆ. ಅದರ ಕಣ್ಣು ಪಕ್ಕಕ್ಕಿವೆ ಅಲ್ವಾ?

1970ರ ದಶಕದಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಮ್ಯಾಟ್ ಕಾರ್ಟ್‌ಮಿಲ್ ಇದೇ ಪ್ರಶ್ನೆ ಎತ್ತಿದ್ದರು. ಬೆಕ್ಕು, ಗೂಬೆಗಳಿಗೂ ಕಣ್ಣು ಮುಂದಕ್ಕಿವೆ, ಅವು ಬೇಟೆಗಾರರು. ನಮ್ಮ ತೀರಾ ಹಳೆಯ ಪೂರ್ವಜರೂ ಸಣ್ಣ ರೆಂಬೆಗಳಲ್ಲಿ ಹುಳ ಹಿಡಿದು ತಿನ್ನುತ್ತಿದ್ದಿರಬೇಕು ಎಂಬುದು ಅವರ ವಾದ. ಎಲ್ಲರೂ ಅದನ್ನು ಒಪ್ಪಿಲ್ಲ. ಹೂವು, ಹಣ್ಣು ಹುಡುಕಲು ಹೀಗಾಯಿತು ಎನ್ನುವವರೂ ಇದ್ದಾರೆ. ಕಾಡುಪಾಪ ಹುಳ ಹಿಡಿಯುವುದನ್ನು ನನಗೆ ಕಣ್ಣಾರೆ ನೋಡಬೇಕು ಅನಿಸಿತು. ತುಮಕೂರಿನ ನಾಗವಲ್ಲಿ ಕಡೆಗೆ ಹೋದೆ.

ಮೊದಲ ಮೂರು ವಾರ ಪೂರ್ತಿ ವ್ಯರ್ಥ. ಬಿಳಿ ಬೆಳಕಿನ ಟಾರ್ಚ್ ಹಿಡಿದು ಓಡಾಡಿದೆ. ಬೆಳಕು ಬಿದ್ದ ಕೂಡಲೇ ಪ್ರಾಣಿ ಅಲ್ಲಾಡದೆ ಕೂತುಬಿಡುತ್ತಿತ್ತು. ನಾನು ಅದನ್ನೇ 'ವಿಶ್ರಾಂತಿ' ಎಂದು ಬರೆದುಕೊಳ್ಳುತ್ತಿದ್ದೆ. ತೋಟ ಕಾಯುವ ಅಜ್ಜ ಒಬ್ಬರು, "ಮುಖಕ್ಕೆ ಲೈಟ್ ಬಿಡಬ್ಯಾಡ ಮಗಾ, ಅದು ಹೆದರ್ಕೊಂಡೈತೆ" ಅಂದರು. ಆ ಟಿಪ್ಪಣಿಗಳನ್ನೆಲ್ಲ ಕೈಬಿಟ್ಟೆ. ಟಾರ್ಚಿಗೆ ಕೆಂಪು ಹಾಳೆ ಕಟ್ಟಿದೆ. ಆಮೇಲೆ ಕೆಲಸ ಸುಲಭವಾಯಿತು. ಬೇಲಿಯೊಳಗೆ ಎರಡು ಕೆಂಡದಂತೆ ಕಣ್ಣು ಹೊಳೆದರೆ ಅಲ್ಲೇ ನಿಲ್ಲುವುದು, ಐದು ನಿಮಿಷಕ್ಕೊಮ್ಮೆ ಏನು ಮಾಡುತ್ತಿದೆ ಎಂದು ಬರೆಯುವುದು.

ಒಂದು ರಾತ್ರಿ ಹತ್ತೂವರೆ ಹೊತ್ತಿಗೆ ಜಾಲಿ ಮರದಲ್ಲಿ ಅದನ್ನು ಕಂಡೆ. ಹಿಂಗಾಲುಗಳಿಂದ ರೆಂಬೆ ಬಿಗಿಯಾಗಿ ಹಿಡಿದು ಮೈ ಮುಂದಕ್ಕೆ ಚಾಚಿತು. ಎರಡೂ ಕೈಯಿಂದ ಒಂದು ಪತಂಗವನ್ನು ಗಬಕ್ಕನೆ ಹಿಡಿಯಿತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿದುಹೋಯಿತು. ದೂರ ಅಳೆಯುವ ಕಣ್ಣು, ಹಿಡಿಯುವ ಕೈ, ಬಿಗಿ ಹಿಡಿದ ಪಾದ, ಮೂರೂ ಒಟ್ಟಿಗೆ! ನನ್ನ ಕೈ ನಡುಗಿ ಪೆನ್ನು ನೆಲಕ್ಕೆ ಬಿತ್ತು.

"ಹಾಗಾದ್ರೆ ನಾವು ಇದರಿಂದ ಬಂದವರಾ?" ಎಂದು ಊರಿನ ಮಕ್ಕಳು ಕೇಳುತ್ತಾರೆ. ಅಲ್ಲ. ಅದರ ದಾರಿ, ನಮ್ಮ ದಾರಿ ಬೇರೆಯಾಗಿ ಆರು ಕೋಟಿ ವರ್ಷಕ್ಕೂ ಜಾಸ್ತಿ ಆಗಿದೆ. ಅದು ದೂರದ ದಾಯಾದಿ, ಅಷ್ಟೇ. ಆದರೆ ನಮ್ಮಿಬ್ಬರ ಹಳೆಯ ಹಿರಿಯರು ಹೇಗೆ ಬದುಕಿದ್ದಿರಬಹುದು ಎಂಬ ಸುಳಿವು ಅದರ ಮೈಯಲ್ಲಿದೆ.

ಕಾಡುಪಾಪಕ್ಕೆ ಜಿಗಿಯಲು ಬರುವುದಿಲ್ಲ. ಬೇಲಿ ಕಡಿದರೆ ನೆಲಕ್ಕೆ ಇಳಿಯಬೇಕು, ನೆಲದಲ್ಲಿ ನಾಯಿಗಳಿವೆ. ಹಾಗಾಗಿ ಈಗ ನನ್ನ ಚೀಲದಲ್ಲಿ ಅಳತೆ ಟೇಪೂ ಇರುತ್ತದೆ. ಯಾವ ಬೇಲಿಯಲ್ಲಿ ಎಷ್ಟು ಅಡಿ ಸಂದು ಬಿದ್ದಿದೆ ಎಂದು ಬರೆದು, ಆ ತೋಟದವರ ಮನೆಗೇ ಹೋಗಿ ಹೇಳಿ ಬರುತ್ತೇನೆ.